ಮೊದಲು ಬಂದ ಮಾತನ್ನು ಬಿಡುವ ಎಚ್ಚರ

'ಸಾವಧಾನ' ಎಂಬ ಮಾತನ್ನು ನಾವು ದಿನಕ್ಕೊಮ್ಮೆಯಾದರೂ ಆಡುತ್ತೇವೆ. ಮೆಟ್ಟಿಲು ಇಳಿಯುವ ಅಜ್ಜಿಗೆ 'ಸಾವಧಾನ' ಎನ್ನುತ್ತೇವೆ, ಅವಸರವಸರವಾಗಿ ಉಣ್ಣುವ ಮಗುವಿಗೆ 'ಸಾವಧಾನವಾಗಿ ತಿನ್ನು' ಎನ್ನುತ್ತೇವೆ. ಬಳಸಿ ಬಳಸಿ ಈ ಮಾತಿಗೆ 'ನಿಧಾನ' ಎಂಬ ಅರ್ಥವೇ ಗಟ್ಟಿಯಾಗಿಬಿಟ್ಟಿದೆ. ಬಿಡಿಸಿ ನೋಡಿದರೆ ಅದರೊಳಗಿರುವುದು ಅವಧಾನ, ಅಂದರೆ ಗಮನ. ಗಮನವಿಟ್ಟು ಮಾಡಿದ ಕೆಲಸ ಸ್ವಲ್ಪ ನಿಧಾನವಾಗುವುದು ಸಹಜ, ಹಾಗಾಗಿ ಕಾರಣದ ಹೆಸರು ಪರಿಣಾಮಕ್ಕೆ ಅಂಟಿಕೊಂಡಿತು. ಇಂದು ಜಗತ್ತೆಲ್ಲ ಮೈಂಡ್‌ಫುಲ್‌ನೆಸ್ ಎಂದು ಕರೆಯುತ್ತಿರುವ ಮನಃಸ್ಥಿತಿಗೂ ಇದೇ ಗತಿ ಬಂದಿದೆ. ಅದೊಂದು ಎಚ್ಚರ ಎನ್ನುವುದು ಮರೆತು ನೆಮ್ಮದಿ, ಶಾಂತಿ, ವಿರಾಮ ಎಂಬ ಅರ್ಥದಲ್ಲೇ ಅದು ಓಡಾಡುತ್ತಿದೆ. ಆ ಅರ್ಥದ ಮೇಲೆ ಇನ್ನೊಂದು ಭರವಸೆಯನ್ನೂ ಕಟ್ಟಿದ್ದಾರೆ. ದಿನಕ್ಕೆ ಹತ್ತು ನಿಮಿಷ ಕಣ್ಣು ಮುಚ್ಚಿ ಉಸಿರನ್ನು ಗಮನಿಸಿದರೆ ಮನಸ್ಸು ತಿಳಿಯಾಗುತ್ತದೆ, ತಿಳಿಯಾದ ಮನಸ್ಸಿನಲ್ಲಿ ಹೊಸ ಹೊಸ ಕಲ್ಪನೆಗಳು ತಾವಾಗಿ ಮೂಡುತ್ತವೆ ಎಂಬ ಭರವಸೆ ಅದು. ಕಂಪನಿಗಳ ತರಬೇತಿ ಶಿಬಿರಗಳಲ್ಲಿ, ಮೊಬೈಲಿನ ಆಪ್‌ಗಳಲ್ಲಿ, ಶಾಲೆಗಳ ಕಾರ್ಯಕ್ರಮಗಳಲ್ಲಿ ಇದು ಕೇಳಿಬರುತ್ತಿದೆ.

ಎಚ್ಚರದಿಂದ ಹೊಸ ಕಲ್ಪನೆ ಹುಟ್ಟುತ್ತದೆ ಎನ್ನಲು ಆಧಾರ ಸಾಲದು ಎಂಬುದು ನನ್ನ ಅಭಿಪ್ರಾಯ. ಆದರೆ ರೂಢಿಯಿಂದ ಬಾಯಿಗೆ ಮೊದಲು ಬಂದ ಮಾತನ್ನು, ಕೈಗೆ ಮೊದಲು ಸಿಕ್ಕ ಉಪಾಯವನ್ನು, ಇದು ರೂಢಿಯದು ಎಂದು ಆ ಗಳಿಗೆಯಲ್ಲೇ ಗುರುತಿಸಿ ಬಿಡುವ ಶಕ್ತಿ ಎಚ್ಚರಕ್ಕಿದೆ. ಹಾಗೆ ಬಿಟ್ಟ ಮೇಲೆ ಬಂದದ್ದನ್ನು ಕಳೆದುಕೊಳ್ಳದೆ ಹಿಡಿದಿಡುವ ಶಕ್ತಿಯೂ ಇದೆ. ಸೃಷ್ಟಿಯ ಕೆಲಸಕ್ಕೆ ಎಚ್ಚರ ಒದಗುವುದು ಈ ಎರಡು ಕಡೆ. ಇದನ್ನು ತೋರಿಸಲು ಮನೋವಿಜ್ಞಾನದ ಕೆಲವು ಪ್ರಯೋಗಗಳನ್ನೂ, ಹೆಸರಿನಲ್ಲೇ ಗಮನವನ್ನು ಇಟ್ಟುಕೊಂಡಿರುವ ನಮ್ಮದೇ ಒಂದು ಕಲೆಯನ್ನೂ ಎದುರಿಗಿಟ್ಟುಕೊಳ್ಳುತ್ತೇನೆ. ಆ ಕಲೆ ಅಷ್ಟಾವಧಾನ.

ಮೊದಲು ಒಂದು ಪ್ರಯೋಗ. 1942ರಲ್ಲಿ ಅಬ್ರಹಾಂ ಲೂಚಿನ್ಸ್ ಎಂಬ ಮನೋವಿಜ್ಞಾನಿ ಪ್ರಕಟಿಸಿದ್ದು. ಕೇಳುತ್ತಲೇ ಲೆಕ್ಕ ಹಾಕಬಹುದಾದಷ್ಟು ಸುಲಭ, ಕಾಗದ ಬೇಕಾಗಿಲ್ಲ. ಅಳತೆಯನ್ನು ನಮ್ಮ ಸೇರಿನಲ್ಲೇ ಇಟ್ಟುಕೊಳ್ಳೋಣ. ಮೂರು ಪಾತ್ರೆಗಳಿವೆ: ಒಂದರಲ್ಲಿ 21 ಸೇರು ಹಿಡಿಯುತ್ತದೆ, ಇನ್ನೊಂದರಲ್ಲಿ 127, ಮೂರನೆಯದರಲ್ಲಿ 3. ನಮಗೆ ಬೇಕಾದ್ದು ಸರಿಯಾಗಿ 100 ಸೇರು ನೀರು. ದೊಡ್ಡ ಪಾತ್ರೆ ತುಂಬಿಸಿ, ಅದರಿಂದ 21ರ ಪಾತ್ರೆಗೆ ಒಮ್ಮೆ, 3ರ ಪಾತ್ರೆಗೆ ಎರಡು ಸಲ ಬಗ್ಗಿಸಿದರೆ ಉಳಿಯುವುದು 100. ಇದೇ ಉಪಾಯದಿಂದ ಬಿಡಿಸಬಹುದಾದ ಲೆಕ್ಕಗಳನ್ನು ಲೂಚಿನ್ಸ್ ಒಂದರ ಹಿಂದೆ ಒಂದು ಕೊಟ್ಟರು. ಆಮೇಲೆ ಕೊಟ್ಟ ಲೆಕ್ಕದಲ್ಲಿ ಪಾತ್ರೆಗಳು 23, 49 ಮತ್ತು 3, ಬೇಕಾದ್ದು 20. ಹಳೆಯ ಉಪಾಯದಿಂದ ಇಲ್ಲಿಯೂ ಉತ್ತರ ಬರುತ್ತದೆ. ಆದರೆ 23ರಿಂದ 3 ತೆಗೆದರೆ ಮುಗಿಯಿತಲ್ಲ! ಹಿಂದಿನ ಲೆಕ್ಕಗಳನ್ನು ಮಾಡದೆ ಬಂದವರಿಗೆ ಇದು ಥಟ್ಟನೆ ಕಂಡಿತು. ಅಭ್ಯಾಸವಾದವರಲ್ಲಿ ಹೆಚ್ಚಿನವರು ದೊಡ್ಡ ಪಾತ್ರೆಯನ್ನೇ ತುಂಬಿಸಿದರು. ಬಳಿಕ 28, 76, 3 ಎಂಬ ಪಾತ್ರೆಗಳಿಂದ 25 ಸೇರು ಬೇಕು ಎಂಬ ಲೆಕ್ಕ ಬಂದಾಗ ಹಳೆಯ ಉಪಾಯ ಫಲಿಸುವುದಿಲ್ಲ, ಉಳಿಯುವುದು 42. ಇಲ್ಲಿ ಎಷ್ಟೋ ಜನ ಕೈಚೆಲ್ಲಿ ಕೂತರು. 28ರಿಂದ 3 ಕಳೆಯುವುದು ಅವರಿಗೆ ಬಾರದ ವಿದ್ಯೆಯೇನೂ ಆಗಿರಲಿಲ್ಲ. ಗಾಡಿಯ ಚಕ್ರ ಹಳೆಯ ಜಾಡಿನಲ್ಲಿ ಇಳಿದಿತ್ತು, ಇಳಿದಿದೆ ಎಂಬುದೇ ಗಾಡಿಯವನಿಗೆ ಗೊತ್ತಿರಲಿಲ್ಲ. ನನ್ನ ಗಮನ ಸೆಳೆಯುವುದು ಈ ಪ್ರಯೋಗದ ಒಂದು ಸಣ್ಣ ಬದಲಾವಣೆ. ಕೆಲವರಿಗೆ ಲೂಚಿನ್ಸ್ 'ಕುರುಡಾಗಬೇಡಿ' ಎಂದು ಎಚ್ಚರಿಸಿದ್ದರು. ಉಪಾಯ ಹೇಳಿಕೊಡಲಿಲ್ಲ, ಸುಳಿವೂ ಕೊಡಲಿಲ್ಲ. ಅಷ್ಟು ಮಾತಿಗೇ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹತ್ತಿರದ ದಾರಿಯನ್ನು ಕಂಡರು.

ಎಪ್ಪತ್ತು ವರ್ಷಗಳ ನಂತರ, 2012ರಲ್ಲಿ, ಇಸ್ರೇಲಿನ ಬೆನ್ ಗುರಿಯನ್ ವಿಶ್ವವಿದ್ಯಾಲಯದ ಸಂಶೋಧಕರು ಇದೇ ಪಾತ್ರೆಗಳ ಲೆಕ್ಕವನ್ನು ಧ್ಯಾನದ ಅಭ್ಯಾಸವಿದ್ದವರಿಗೂ ಇನ್ನೂ ಅಭ್ಯಾಸ ಶುರುಮಾಡದವರಿಗೂ ಕೊಟ್ಟು ನೋಡಿದರು. ಅಭ್ಯಾಸವಿದ್ದವರು ಹಳೆಯ ಉಪಾಯಕ್ಕೆ ಜೋತುಬಿದ್ದದ್ದು ಕಡಿಮೆ. ಅಭ್ಯಾಸವೇ ಇಲ್ಲದವರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಕೆಲವು ವಾರ ತರಬೇತಿ ಕೊಟ್ಟಾಗಲೂ ಹಾಗೆಯೇ ಆಯಿತು. ಧ್ಯಾನ ಅವರ ಬುದ್ಧಿಯನ್ನು ಹೆಚ್ಚಿಸಿತು ಎಂದು ಇದರಿಂದ ಹೇಳಲಾಗದು, ಹೊಸ ಉಪಾಯವನ್ನು ಕಿವಿಯಲ್ಲಿ ಉಸುರಿತು ಎಂದೂ ಹೇಳಲಾಗದು. ಹತ್ತಿರದ ದಾರಿ ಮೊದಲಿನಿಂದಲೂ ಅಲ್ಲೇ ಇತ್ತು. ಜಾಡು ಹಿಡಿದ ಚಕ್ರವನ್ನು ಎತ್ತಿ ಹೊರಗಿಡುವಷ್ಟು ಬಿಡುವನ್ನು ಎಚ್ಚರ ಕೊಟ್ಟಿತು, ಅಷ್ಟೇ.

ಈಗ ಅಷ್ಟಾವಧಾನದ ವೇದಿಕೆಗೆ ಬರೋಣ. ನೋಡದವರಿಗಾಗಿ ಸ್ವಲ್ಪ ವಿವರವಾಗಿಯೇ ಹೇಳಬೇಕು. ಅವಧಾನಿಯ ಸುತ್ತ ಎಂಟು ಮಂದಿ ಪೃಚ್ಛಕರು, ಎಂದರೆ ಪ್ರಶ್ನೆ ಹಾಕುವವರು. ಒಬ್ಬರು ಅರ್ಥವೇ ಕೂಡದಂತೆ ಕಾಣುವ, ಕೆಲವೊಮ್ಮೆ ಅನುಚಿತವೆನಿಸುವ ಪದ್ಯದ ಕೊನೆಯ ಸಾಲು ಕೊಟ್ಟು, ಅದು ಸರಿಹೋಗುವಂತೆ ಉಳಿದ ಸಾಲುಗಳನ್ನು ತುಂಬಲು ಹೇಳುತ್ತಾರೆ. ಅದು ಸಮಸ್ಯಾಪೂರಣ. ಇನ್ನೊಬ್ಬರು ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಪದ ಕೊಟ್ಟು, ಅವನ್ನು ಸಾಲಿಗೊಂದರಂತೆ ಸೇರಿಸಿ ಬೇರೆಯೇ ವಿಷಯದ ಮೇಲೆ ಪದ್ಯ ಕೇಳುತ್ತಾರೆ. ಅದು ದತ್ತಪದಿ. ಚಿತ್ರಕವಿತೆ, ಆಶುಕವಿತೆ, ಕಾವ್ಯವಾಚನ ಎಂಬ ವಿಭಾಗಗಳಿವೆ. ಸಂಖ್ಯಾಬಂಧದವರು ಎತ್ತ ಕೂಡಿದರೂ ಒಂದೇ ಮೊತ್ತ ಬರುವ ಅಂಕಿಗಳ ಚೌಕದ ಯಾವುದೋ ಒಂದು ಮನೆಯನ್ನು ತಮಗೆ ತೋಚಿದಾಗ ಕೇಳುತ್ತಾರೆ. ಇವೆಲ್ಲದರ ನಡುವೆ ಅಪ್ರಸ್ತುತ ಪ್ರಸಂಗಿ ಇರುತ್ತಾರೆ, ಬೇಕೆಂದಾಗ ಬಾಯಿ ಹಾಕಿ ಸಂಬಂಧವಿಲ್ಲದ ಮಾತೆತ್ತಿ ಅವಧಾನಿಯ ಗಮನ ಕೆಡಿಸುವುದೇ ಅವರ ಕೆಲಸ. ಅವರಿಗೂ ತಕ್ಕ ಉತ್ತರ ಕೊಡಬೇಕು. ಹೆಚ್ಚಿನ ಪದ್ಯಗಳು ಒಟ್ಟೊಟ್ಟಿಗೆ, ಒಂದೊಂದು ಸುತ್ತಿಗೆ ಒಂದೊಂದು ಸಾಲಿನಂತೆ ಬೆಳೆಯುತ್ತವೆ. ಅವಧಾನಿಯ ಕೈಯಲ್ಲಿ ಕಾಗದವಿಲ್ಲ, ಲೇಖನಿಯಿಲ್ಲ. ತೆಲುಗಿನಲ್ಲಿ ತಿರುಪತಿ ವೆಂಕಟ ಕವಿಗಳು ಜನಪ್ರಿಯಗೊಳಿಸಿದ ಈ ಕಲೆಗೆ ನಮ್ಮ ಕಾಲದ ಕನ್ನಡದಲ್ಲಿ ಮರುಜೀವ ಕೊಟ್ಟವರು ಶತಾವಧಾನಿ ಆರ್. ಗಣೇಶ್. ಸಾವಿರಕ್ಕೂ ಹೆಚ್ಚು ಅವಧಾನಗಳನ್ನು ಮಾಡಿರುವ ಅವರು 2012ರಲ್ಲಿ ಬೆಂಗಳೂರಿನಲ್ಲಿ ಪೂರ್ತಿ ಕನ್ನಡದಲ್ಲೇ ಶತಾವಧಾನವನ್ನೂ ನಡೆಸಿದರು.

ಎಂಟರಲ್ಲಿ ನಮ್ಮ ವಾದಕ್ಕೆ ಅತಿ ಹತ್ತಿರದ್ದು ನಿಷೇಧಾಕ್ಷರಿ. ಪೃಚ್ಛಕರು ವಿಷಯ ಕೊಡುತ್ತಾರೆ, ಅವಧಾನಿ ಒಂದು ಅಕ್ಷರ ಹೇಳುತ್ತಾರೆ. ಮುಂದೆ ಯಾವ ಅಕ್ಷರ ಬರಬಹುದೆಂದು ಊಹಿಸಿ ಅದನ್ನು ಪೃಚ್ಛಕರು ನಿಷೇಧಿಸುತ್ತಾರೆ. ಅದನ್ನು ಬಿಟ್ಟು ಬೇರೊಂದು ಅಕ್ಷರದಿಂದ ಅವಧಾನಿ ಮುಂದುವರಿಯಬೇಕು. ಒಂದು ಉದಾಹರಣೆಯನ್ನು ನಾವೇ ಕಟ್ಟಿಕೊಳ್ಳೋಣ. ವಿಷಯ ಮಳೆ. ಅವಧಾನಿ 'ಮು' ಎಂದರು ಎನ್ನಿ. ಕೇಳಿದವರಿಗೆಲ್ಲ 'ಮುಗಿಲು' ಹೊಳೆಯುತ್ತದೆ, ಪೃಚ್ಛಕರಿಗೂ ಹೊಳೆಯುತ್ತದೆ, 'ಗ'ಕಾರ ಬೇಡ ಎನ್ನುತ್ತಾರೆ. ಅವಧಾನಿ 'ತ್ತು' ಎನ್ನುತ್ತಾರೆ, 'ಮುತ್ತು' ಆಯಿತು. ಮಳೆಯ ಹನಿ ಮುತ್ತುದುರಿದಂತೆ ಎಂಬ ಹೋಲಿಕೆ ಎಲ್ಲರ ನಾಲಗೆಯ ತುದಿಯಲ್ಲಿರುವುದರಿಂದ ಪೃಚ್ಛಕರು 'ದ'ಕಾರವನ್ನು ತಡೆಯುತ್ತಾರೆ. ಅವಧಾನಿ, ಮೊದಲು ತಾವು ಕಳೆದುಕೊಂಡಿದ್ದ 'ಗ'ವನ್ನೇ ಇಲ್ಲಿ ಇಡುತ್ತಾರೆ. ಮುತ್ತುಗ! ಮುಗಿಲಿನತ್ತ ಹೊರಟಿದ್ದ ಪದ್ಯ ಮರವೊಂದರ ಕೆಳಗೆ ಬಂದು ನಿಂತಿತು. ಊಟದೆಲೆ ಹಚ್ಚಲು ಬಳಸುವ ಆ ಅಗಲ ಎಲೆಗಳ ಮೇಲೆ ಹನಿ ಬೀಳುವ ಸದ್ದು ಪದ್ಯದ ವಿಷಯವಾಗಬಹುದು. ಅಷ್ಟಕ್ಕೇ ಮುಗಿಯಲಿಲ್ಲ. ಕನ್ನಡದ ಪದ್ಯವಾದ್ದರಿಂದ ಆದಿಪ್ರಾಸ ಬೇಕು, ಮೊದಲ ಸಾಲಿನ ಎರಡನೆಯ ಅಕ್ಷರದ ವ್ಯಂಜನ ಯಾವುದೋ ಉಳಿದ ಸಾಲುಗಳ ಎರಡನೆಯ ಅಕ್ಷರದ ವ್ಯಂಜನವೂ ಅದೇ ಆಗಬೇಕು. ಒಂದು ನಿಷೇಧದಿಂದ 'ತ್ತ' ಬಂದು ಕುಳಿತದ್ದರಿಂದ ಇಡೀ ಪದ್ಯವೇ ಎತ್ತು, ಬಿತ್ತನೆ, ಕತ್ತಲೆ, ನೆತ್ತಿ ಇಂಥ ಮಾತುಗಳ ಕಡೆಗೆ ವಾಲುತ್ತದೆ. ಹೊಲವೂ ರೈತನೂ ಪದ್ಯದೊಳಕ್ಕೆ ಬರುವ ದಾರಿ ತೆರೆಯುತ್ತದೆ. ವಿಷಯ ಕೊಟ್ಟ ಗಳಿಗೆಯಲ್ಲಿ ಈ ಮರ, ಈ ಎತ್ತು ಯಾರ ಮನಸ್ಸಿನಲ್ಲೂ ಇರಲಿಲ್ಲ.

ನಿಷೇಧಾಕ್ಷರಿಯಲ್ಲಿ ಪೃಚ್ಛಕರು ಹೊರಗಿನಿಂದ ಮಾಡುವ ಕೆಲಸವನ್ನು ಬರೆಯುವವನ, ಹಾಡುವವನ, ಯಂತ್ರ ರೂಪಿಸುವವನ ಒಳಗೆ ಮಾಡುವುದು ಎಚ್ಚರ ಎಂಬುದು ನನ್ನ ವಾದದ ತಿರುಳು. ಲೂಚಿನ್ಸರ 'ಕುರುಡಾಗಬೇಡಿ' ಎಂಬ ಎಚ್ಚರಿಕೆಯೂ ಇದೇ ಕುಲದ್ದು. ಹೊಳೆದ ಮೊದಲ ಮಾತು ತಪ್ಪೇನಲ್ಲ, ಅದು ಎಲ್ಲರಿಗೂ ಹೊಳೆಯುವ ಮಾತು. ಅದನ್ನು ಗುರುತಿಸಲು ಮನಸ್ಸು ಅದರಿಂದ ಒಂದು ಕೂದಲೆಳೆಯಷ್ಟಾದರೂ ದೂರ ನಿಲ್ಲಬೇಕು. ಹಾಗೆ ನಿಲ್ಲುವುದನ್ನು ಧ್ಯಾನದ ಪರಂಪರೆಗಳು ಉಸಿರಿನ ಮೇಲೆ, ನಡಿಗೆಯ ಮೇಲೆ, ಬಂದು ಹೋಗುವ ಯೋಚನೆಗಳ ಮೇಲೆ ಅಭ್ಯಾಸ ಮಾಡಿಸುತ್ತವೆ. ಇದು ಊಹೆಯಷ್ಟೇ ಆಗಬಾರದಲ್ಲ, ಆದ್ದರಿಂದ ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದ ಮಥೈಸ್ ಬಾಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನಗಳನ್ನು ನೋಡಬೇಕು. ಮೈಂಡ್‌ಫುಲ್‌ನೆಸ್ ಎಂದು ಒಟ್ಟಾಗಿ ಕರೆಯುವುದನ್ನು ಅವರು ಬಿಡಿಬಿಡಿಯಾಗಿ ಅಳೆದರು. ಒಳಗೆ ಹೊರಗೆ ನಡೆಯುತ್ತಿರುವುದನ್ನು ಗಮನಿಸುವ ಶಕ್ತಿ ಒಂದು. ಮಾಡುವ ಕೆಲಸದಲ್ಲೇ ಗಮನ ನೆಡುವುದು ಇನ್ನೊಂದು. ಗಮನಿಸುವ ಶಕ್ತಿ ಹೆಚ್ಚಿದ್ದವರಲ್ಲಿ ಸೃಜನಶೀಲತೆ ಹೆಚ್ಚಿರುವುದು ಮತ್ತೆ ಮತ್ತೆ ಕಂಡುಬಂತು. ಒಂದೇ ಕಡೆ ನೆಟ್ಟ ಗಮನಕ್ಕೂ ಸೃಜನಶೀಲತೆಗೂ ಅಂಥ ಸ್ಥಿರವಾದ ಸಂಬಂಧ ಕಾಣಲಿಲ್ಲ. ಅದಕ್ಕೂ ಎರಡು ವರ್ಷ ಮೊದಲು ನೆದರ್‌ಲ್ಯಾಂಡ್ಸಿನದೇ ಲೈಡನ್ನಿನಲ್ಲಿ ಲೊರೆಂಜಾ ಕೊಲ್ಜಾಟೊ ತಂಡ ಮಾಡಿದ ಪ್ರಯೋಗವೂ ಇತ್ತಲೇ ಬೊಟ್ಟು ಮಾಡುತ್ತದೆ. ಬಂದದ್ದನ್ನೆಲ್ಲ ತಡೆಯದೆ ಗಮನಿಸುವ ಧ್ಯಾನದ ನಂತರ ಒಂದು ವಸ್ತುವಿಗೆ ಬಗೆಬಗೆಯ ಬಳಕೆ ಸೂಚಿಸುವುದು ಚುರುಕಾಯಿತು, ಒಂದರ ಮೇಲೇ ಗಮನ ನಿಲ್ಲಿಸುವ ಧ್ಯಾನದ ನಂತರ ಹಾಗಾಗಲಿಲ್ಲ. ಎಂದರೆ, ಕಣ್ಣು ಮುಚ್ಚಿ ಬಿಗಿಹಿಡಿದ ಏಕಾಗ್ರತೆಗಿಂತ ಮೈಯೆಲ್ಲ ಕಣ್ಣಾದ ಎಚ್ಚರವೇ ಸೃಷ್ಟಿಗೆ ಹತ್ತಿರ. ಅವಧಾನಿಯ ಗಮನವೂ ಇಂಥದೇ. ಎಂಟು ಕಡೆಯ ಮಾತು ಕಿವಿಗೆ ಬೀಳುತ್ತಿರಬೇಕು, ಯಾವುದೂ ಮನಸ್ಸನ್ನು ಹೊತ್ತುಕೊಂಡು ಹೋಗಬಾರದು.

ಈ ಸಾಕ್ಷ್ಯವನ್ನು ಹಿಗ್ಗಿಸಿ ಹೇಳಬಾರದು. ಲೈಡನ್ನಿನ ಪ್ರಯೋಗದಲ್ಲಿ ಇದ್ದವರು 20ಕ್ಕೂ ಕಡಿಮೆ ಜನ, ಅವರೆಲ್ಲ ಮೊದಲೇ ಧ್ಯಾನದ ಅಭ್ಯಾಸವಿದ್ದವರು. ಈ ಕ್ಷೇತ್ರದ ಹಲವಾರು ಅಧ್ಯಯನಗಳನ್ನು ಒಟ್ಟು ಸೇರಿಸಿ ಇಜಬೆಲಾ ಲೆಬುಡಾ ಮತ್ತು ಸಂಗಡಿಗರು 2016ರಲ್ಲಿ ಲೆಕ್ಕ ಹಾಕಿದಾಗ ಮೈಂಡ್‌ಫುಲ್‌ನೆಸ್‌ಗೂ ಸೃಜನಶೀಲತೆಗೂ ನಡುವಣ ಸಹಸಂಬಂಧ 0.22ರಷ್ಟಿತ್ತು. ಸಂಬಂಧ ಇದೆ ಎನ್ನುವುದಕ್ಕೆ ಇದು ಸಾಕು. ಆದರೆ ಜನರ ಸೃಜನಶೀಲತೆಯಲ್ಲಿ ಕಾಣುವ ಏರಿಳಿತದಲ್ಲಿ ಶೇಕಡಾ 5ರಷ್ಟಕ್ಕೆ ಮಾತ್ರ ಇದರಿಂದ ವಿವರಣೆ ಸಿಗುತ್ತದೆ. ಉಳಿದದ್ದು ವಿದ್ಯೆ, ಅಭ್ಯಾಸ, ಪರಿಸರ, ಬಿಡುವು, ಪ್ರೋತ್ಸಾಹ, ಹುಟ್ಟಿನಿಂದ ಬಂದದ್ದು ಎಂದು ಹಲವು ಕಡೆ ಹಂಚಿಹೋಗಿದೆ. ಧ್ಯಾನ ಮಾಡಿದರೆ ಸಾಕು, ಸೃಜನಶೀಲರಾಗುತ್ತೀರಿ ಎಂದು ಹೇಳಿ ಹಣ ಪಡೆಯುವವರ ಬಗ್ಗೆ ನನಗೆ ಬೇಸರವಿರುವುದು ಇದಕ್ಕೇ. ಅವರು ಹೇಳುವುದರಲ್ಲಿ ಒಂದು ಪಾಲು ನಿಜವಿದೆ, ಆ ಪಾಲನ್ನು ಪೂರ್ತಿ ಎಂದು ಮಾರುವುದರಿಂದ ಅದೂ ಕೆಡುತ್ತದೆ.

ಎದುರುವಾದಗಳಲ್ಲಿ ಬಲವಾದದ್ದು ಇದು: ದೊಡ್ಡ ಹೊಳಹುಗಳು ಬಂದಿರುವುದು ಎಚ್ಚರದಲ್ಲಲ್ಲ, ಮನಸ್ಸು ಎತ್ತಲೋ ಹರಿಯುತ್ತಿದ್ದಾಗ. ಫ್ರಾನ್ಸಿನ ಗಣಿತಜ್ಞ ಆಂರಿ ಪ್ವಾಂಕಾರೆ ಅವರನ್ನೇ ಎಲ್ಲರೂ ಉದಾಹರಿಸುತ್ತಾರೆ. ಒಂದು ಬಗೆಯ ಫಲನಗಳ ಬಗ್ಗೆ ದಿನಗಟ್ಟಲೆ ತಲೆ ಕೆಡಿಸಿಕೊಂಡಿದ್ದ ಅವರು ಭೂವಿಜ್ಞಾನದ ಪ್ರವಾಸಕ್ಕೆಂದು ಹೊರಟರು. ಪ್ರಯಾಣದಲ್ಲಿ ಗಣಿತ ಮರೆತೇಹೋಗಿತ್ತು. ಕೂತಾನ್ಸ್ ಎಂಬ ಊರಿನಲ್ಲಿ ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಕ್ಷಣದಲ್ಲಿ, ಆ ಫಲನಗಳಿಗೂ ಯೂಕ್ಲಿಡನದಲ್ಲದ ಜ್ಯಾಮಿತಿಗೂ ಇರುವ ನಂಟು ಹೊಳೆಯಿತು. ಬ್ರಿಟನ್ನಿನ ಗ್ರಹಾಂ ವಾಲಸ್ 1926ರಲ್ಲಿ ಸೃಷ್ಟಿಯ ನಾಲ್ಕು ಹಂತಗಳನ್ನು ಹೇಳಿದಾಗ ಎರಡನೆಯದನ್ನು ಕಾವು ಕೂರುವ ಹಂತ ಎಂದದ್ದು ಇಂಥ ಅನುಭವಗಳನ್ನು ನೋಡಿಯೇ. ಸಮಸ್ಯೆಯನ್ನು ಮರೆತು ಹಗುರವಾದ ಕೆಲಸವೊಂದರಲ್ಲಿ ತೊಡಗಿದ್ದಾಗ ಅಲೆದ ಮನಸ್ಸು ಹೆಚ್ಚು ಉತ್ತರ ತಂದಿತು ಎಂದು 2012ರಲ್ಲಿ ಅಮೆರಿಕದ ಬೆಂಜಮಿನ್ ಬೇರ್ಡ್, ಜೊನಾಥನ್ ಸ್ಕೂಲರ್ ಮೊದಲಾದವರು ತೋರಿಸಿದರು. ಆ ಮೇಲೆ ಬೇರೆಯವರು ಇಂಥದೇ ಪ್ರಯೋಗ ಮಾಡಿದಾಗ ಅದೇ ಫಲ ಸಿಗಲಿಲ್ಲ ಎನ್ನುವುದನ್ನೂ ಹೇಳಬೇಕು. ಆದರೂ ಈ ಆಕ್ಷೇಪವನ್ನು ತಳ್ಳಿಹಾಕುವುದು ನನಗೆ ಬೇಕಿಲ್ಲ. ಸ್ಕೂಲರ್ ಮತ್ತು ಕ್ಲೇರ್ ಜೆಡಿಲಿಯಸ್ 2015ರಲ್ಲಿ ಕಂಡದ್ದು ಹೆಚ್ಚು ಕುತೂಹಲದ್ದು: ಎಚ್ಚರದ ಸ್ವಭಾವದವರು ಹಂತಹಂತವಾಗಿ ಯೋಚಿಸಿ ಬಿಡಿಸುವುದರಲ್ಲಿ ಮುಂದು, ಮನಸ್ಸು ಅಲೆಯುವ ಸ್ವಭಾವದವರು ಥಟ್ಟನೆ ಹೊಳೆದು ಬಿಡಿಸುವುದರಲ್ಲಿ ಮುಂದು. ಗುರಿ ಮುಟ್ಟಲು ದಾರಿ ಎರಡಿವೆ.

ಹಾಗಿದ್ದರೆ ಎಚ್ಚರಕ್ಕೆ ಅರ್ಧ ರಾಜ್ಯ ಮಾತ್ರವೇ? ಪ್ವಾಂಕಾರೆಯ ಕಥೆಯನ್ನು ಪೂರ್ತಿ ಕೇಳಿದರೆ ಹಾಗೆ ತೋರುವುದಿಲ್ಲ. ಬಂಡಿಯ ಮೆಟ್ಟಿಲಿಗಿಂತ ಮೊದಲು ಹದಿನೈದು ದಿನ ಅವರು ಮೇಜಿನ ಮುಂದೆ ಕೂತಿದ್ದರು, ಅಂಥ ಫಲನಗಳು ಇರಲಾರವು ಎಂದು ಸಾಧಿಸಲು. ತಾವು ಹಿಡಿದ ದಾರಿ ತಪ್ಪೆಂದು ಕಂಡಾಗ ಅದನ್ನು ಬಿಟ್ಟರು. ಮೆಟ್ಟಿಲಲ್ಲಿ ಹೊಳೆದದ್ದನ್ನು ಬಂಡಿಯಲ್ಲಿ ನಡೆಯುತ್ತಿದ್ದ ಮಾತುಕತೆಯ ನಡುವೆಯೂ ಕಳೆದುಕೊಳ್ಳಲಿಲ್ಲ, ಊರಿಗೆ ಮರಳಿ ಕೂತು ಪರೀಕ್ಷಿಸಿದರು. ಹೊಳಹು ಬರುವುದು ನಮ್ಮ ಕೈಯಲ್ಲಿಲ್ಲ. ಬಂದದ್ದು ಹೊಳಹು ಎಂದು ತಿಳಿಯುವುದು ಎಚ್ಚರದ ಕೆಲಸ. ಅಲೆಯುವ ಮನಸ್ಸು ದಿನವಿಡೀ ಏನೇನೋ ತಂದು ಸುರಿಯುತ್ತದೆ, ಅದರಲ್ಲಿ ಮುಕ್ಕಾಲು ಪಾಲು ನಿನ್ನೆಯ ಜಗಳ, ನಾಳೆಯ ಖರ್ಚು. ಆ ರಾಶಿಯಲ್ಲಿ ಒಂದು ಕಾಳು ಮಿನುಗಿದಾಗ ಕಾಣಬೇಕಾದರೆ ನೋಡುವವನೊಬ್ಬ ಅಲ್ಲಿರಬೇಕು. ಧ್ಯಾನ ಕಲಿಸುವವರು ಮನಸ್ಸು ಅಲೆಯಲೇಬಾರದು ಎಂದು ಹೇಳುವುದಿಲ್ಲ ಎನ್ನುವುದನ್ನೂ ನೆನಪಿಡಬೇಕು. ಅಲೆಯಿತು ಎಂದು ಗೊತ್ತಾದ ಆ ಗಳಿಗೆಯನ್ನೇ ಅವರು ಅಭ್ಯಾಸದ ಫಲವೆಂದು ಎಣಿಸುತ್ತಾರೆ. ಅಷ್ಟಾವಧಾನದಲ್ಲಿ ಅಪ್ರಸ್ತುತ ಪ್ರಸಂಗಿಗೆ ಅಧಿಕೃತ ಸ್ಥಾನವಿರುವುದು ನನಗೆ ತುಂಬ ಅರ್ಥಪೂರ್ಣವಾಗಿ ಕಾಣುತ್ತದೆ. ಅಡ್ಡಮಾತನ್ನು ಹೊರಗಟ್ಟಿ ಬಾಗಿಲು ಹಾಕಿದ್ದರೆ ಅದು ಏಕಾಂತದ ಕಾವ್ಯರಚನೆ ಆಗುತ್ತಿತ್ತು. ಇಲ್ಲಿ ಅಡ್ಡಮಾತನ್ನು ಕರೆದು ಕೂರಿಸಿದ್ದಾರೆ. ಅದರೊಡನೆ ಹೋಗಿ, ನಕ್ಕು, ನಗಿಸಿ, ಬಿಟ್ಟ ಸಾಲಿಗೇ ಮರಳಿ ಬರುವುದು ಈ ಕಲೆಯ ಪಣ.

ಇನ್ನೊಂದು ಆಕ್ಷೇಪ ಕಲಾವಿದರಿಂದಲೇ ಬರುತ್ತದೆ. ಹಾಡುವಾಗ ನನ್ನನ್ನು ನಾನು ನೋಡಿಕೊಳ್ಳಲು ಹೊರಟರೆ ಸ್ವರ ಕಟ್ಟುತ್ತದೆ, ಮೈಮರೆತಾಗಲೇ ಕಲ್ಪನೆ ಹರಿಯುವುದು ಎಂದು. ಇದಕ್ಕೆ ಪ್ರಯೋಗದ ಬೆಂಬಲವೂ ಇದೆ. ಚಾರ್ಲ್ಸ್ ಲಿಂಬ್ ಮತ್ತು ಆಲನ್ ಬ್ರೌನ್ 2008ರಲ್ಲಿ ಜಾಜ್ ಪಿಯಾನೋ ವಾದಕರನ್ನು ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಕಲಿತದ್ದನ್ನು ನುಡಿಸುವಾಗಲೂ ಮನೋಧರ್ಮದಿಂದ ನುಡಿಸುವಾಗಲೂ ಮಿದುಳನ್ನು ಗಮನಿಸಿದರು. ಮನೋಧರ್ಮದ ವೇಳೆ, ತನ್ನನ್ನು ತಾನು ತಿದ್ದಿಕೊಳ್ಳುವುದಕ್ಕೆ ಸಂಬಂಧಿಸಿದ ಮುಂಭಾಗದ ಕೆಲವು ಪ್ರದೇಶಗಳ ಚಟುವಟಿಕೆ ಇಳಿದಿತ್ತು. ಇದನ್ನು ಹಿಡಿದು ಎಚ್ಚರ ತಪ್ಪಿದರೇ ಕಲೆ ಎಂದವರಿದ್ದಾರೆ. ಅದೇ ಪ್ರಯೋಗದಲ್ಲಿ ಇಂದ್ರಿಯಗಳಿಗೂ ಚಲನೆಗೂ ಸೇರಿದ ಭಾಗಗಳ ಚಟುವಟಿಕೆ ಏರಿದ್ದನ್ನು ಅವರು ಹೇಳುವುದಿಲ್ಲ. ಇಳಿದದ್ದು 'ನಾನು ಹೇಗೆ ಕಾಣುತ್ತಿದ್ದೇನೆ' ಎಂಬ ಚಿಂತೆ, ಕಿವಿಯೂ ಬೆರಳೂ ಮೊದಲಿಗಿಂತ ಚುರುಕಾಗಿದ್ದವು. ತನ್ನನ್ನು ಕಾವಲು ಕಾಯುವುದು ಬೇರೆ, ತಾನು ಮಾಡುತ್ತಿರುವುದು ತನಗೆ ಕಾಣುವುದು ಬೇರೆ. ಕಾವಲುಗಾರ ತಪ್ಪು ಹುಡುಕುತ್ತಾನೆ. ಎಚ್ಚರ ತೀರ್ಪು ಕೊಡುವ ಮೊದಲು ನೋಡುತ್ತದೆ. ರಾಗ ವಿಸ್ತರಿಸುವಾಗ ತಾಳದ ಆವರ್ತ ಎಲ್ಲಿ ಮುಗಿಯುತ್ತದೆ ಎಂಬುದು ಗೊತ್ತಿಲ್ಲದ ಮೈಮರೆವನ್ನು ಯಾವ ಗಾಯಕರೂ ಮೆಚ್ಚಲಾರರು. ನೊಂದ, ಕುದಿಯುವ ಮನಸ್ಸಿನ ಕಲಾವಿದರು ದೊಡ್ಡ ಕೃತಿಗಳನ್ನು ಕೊಟ್ಟಿಲ್ಲವೇ ಎಂದೂ ಕೇಳುವುದುಂಟು. ಕೊಟ್ಟಿದ್ದಾರೆ. ಎಚ್ಚರವೆಂದರೆ ಶಾಂತಿ ಎಂದುಕೊಂಡವರಿಗೆ ಮಾತ್ರ ಅದು ತೊಡಕು. ತನ್ನ ಕುದಿಯನ್ನು ಕಣ್ಣಿಟ್ಟು ನೋಡಲಾಗದವನಿಗೆ ಅದನ್ನು ಬರೆಯಲೂ ಆಗದು.

ಅವಧಾನವನ್ನೇ ಸಾಕ್ಷಿಯಾಗಿ ತಂದದ್ದಕ್ಕೂ ಆಕ್ಷೇಪವಿದೆ. ಅದು ನೆನಪಿನ ಪವಾಡ, ಪಾಂಡಿತ್ಯದ ಪ್ರದರ್ಶನ, ಅಲ್ಲಿ ಹುಟ್ಟಿದ ಪದ್ಯಗಳು ಮಹಾಕಾವ್ಯದ ಪಕ್ಕದಲ್ಲಿ ನಿಲ್ಲುತ್ತವೆಯೇ ಎಂದು ಕೇಳುವವರಿದ್ದಾರೆ. ಹೆಚ್ಚಿನವು ನಿಲ್ಲಲಾರವು, ಒಪ್ಪುತ್ತೇನೆ. ಕಾವ್ಯ ಮಾಗಲು ಬೇಕಾದ ಕಾಲವೇ ಅಲ್ಲಿಲ್ಲ. ಮಣ್ಣಿನಲ್ಲಿ ಬೀಜ ಮೊಳೆಯುವುದು ಕಣ್ಣಿಗೆ ಕಾಣುವುದಿಲ್ಲ, ಗಾಜಿನ ಲೋಟದಲ್ಲಿಟ್ಟು ನೋಡುತ್ತೇವೆ. ಆ ಲೋಟದಲ್ಲಿ ಬೆಳೆ ತೆಗೆಯುತ್ತೇವೆಂದು ಯಾರೂ ಹೇಳುವುದಿಲ್ಲ. ಅವಧಾನವನ್ನು ನಾನು ಅಂಥ ಲೋಟವಾಗಿ ಎತ್ತಿಕೊಂಡಿದ್ದೇನೆ. ಆ ಲೋಟ ಇನ್ನೊಂದು ಸತ್ಯವನ್ನೂ ತೋರಿಸುತ್ತದೆ. 'ಮುಗಿಲು' ತಡೆದಾಗ 'ಮುತ್ತುಗ' ಒದಗಬೇಕಾದರೆ ಆ ಮರದ ಹೆಸರು ಮೊದಲೇ ಒಳಗಿರಬೇಕು, ಛಂದಸ್ಸು ರಕ್ತಗತವಾಗಿರಬೇಕು. ಪದವೇ ಇಲ್ಲದವನು ಎಷ್ಟು ಎಚ್ಚರವಾಗಿದ್ದರೂ ನಿಷೇಧ ಬಂದಲ್ಲಿ ನಿಂತುಬಿಡುತ್ತಾನೆ. ಎಂಟನೆಯ ಶತಮಾನದ ಕಾಶ್ಮೀರದ ಆಲಂಕಾರಿಕ ವಾಮನನಿಗೆ ಇದು ಚೆನ್ನಾಗಿ ಗೊತ್ತಿತ್ತು. ಕವಿಗೆ ಬೇಕಾದ ಅಂಗಗಳನ್ನು ಹೇಳುತ್ತ ಒಂದೆಡೆ ಆತ ಆರನ್ನು ಒಟ್ಟಿಗೆ ಪಟ್ಟಿ ಮಾಡುತ್ತಾನೆ. ಇತರರ ಕಾವ್ಯಗಳ ಪರಿಚಯ, ಬರೆಯುವ ಉದ್ಯಮ, ಹಿರಿಯರ ಸೇವೆ, ಪ್ರತಿಭೆ ಇವುಗಳ ಜೊತೆಯಲ್ಲಿ ಅವಧಾನವೂ ಒಂದು. ಅದಕ್ಕೆ ನಿರ್ಜನವಾದ ಜಾಗ ಬೇಕು, ಇರುಳಿನ ನಾಲ್ಕನೆಯ ಜಾವ ತಕ್ಕ ಹೊತ್ತು ಎಂದು ದೇಶಕಾಲಗಳನ್ನೂ ಸೂಚಿಸುತ್ತಾನೆ. ಅದೇ ಪಟ್ಟಿಯಲ್ಲಿ ಅವೇಕ್ಷಣ ಎಂಬ ಇನ್ನೊಂದು ಅಂಗವಿದೆ: ಪದವನ್ನು ಇಟ್ಟು ನೋಡುವುದು, ಒಪ್ಪದಿದ್ದರೆ ಎತ್ತಿಬಿಡುವುದು. ನಿಷೇಧಾಕ್ಷರಿಯ ಪೃಚ್ಛಕರನ್ನು ಕವಿಯ ಒಳಗೇ ಕೂರಿಸಿದ ಮಾತಿದು ಎಂದು ನನಗೆ ಅನಿಸುತ್ತದೆ.

ಕೊನೆಗೆ ನೆನಪಿನ ಮಾತು. ಇಂದಿನ ಮೈಂಡ್‌ಫುಲ್‌ನೆಸ್ ರೂಪುಗೊಂಡದ್ದು ಆಸ್ಪತ್ರೆಯಲ್ಲಿ. 1979ರಲ್ಲಿ ಜಾನ್ ಕಬಾಟ್-ಜಿನ್ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ, ತೀರದ ನೋವಿನಿಂದ ಬಳಲುತ್ತಿದ್ದವರಿಗಾಗಿ ಅಭ್ಯಾಸಕ್ರಮವೊಂದನ್ನು ಶುರುಮಾಡಿದರು. ನೋವಿರುವವನಿಗೆ ನಿನ್ನೆಯ ನೆನಪು, ನಾಳೆಯ ಭಯ ಎರಡೂ ಭಾರ, ಆದ್ದರಿಂದ ಈ ಕ್ಷಣದಲ್ಲಿರುವುದಕ್ಕೆ ಅಲ್ಲಿ ಒತ್ತು ಬಿದ್ದದ್ದು ಸರಿಯೇ. ಆದರೆ ಆ ಇಂಗ್ಲಿಷ್ ಮಾತು ಬೌದ್ಧರ 'ಸತಿ'ಗೆ 1881ರಲ್ಲಿ ರೀಸ್ ಡೇವಿಡ್ಸ್ ಕೊಟ್ಟ ಅನುವಾದ, ಪಾಲಿಯ 'ಸತಿ' ಎಂದರೆ ನಮ್ಮ 'ಸ್ಮೃತಿ'. ಪಾಲಿಯ ಹಳೆಯ ಗ್ರಂಥವೊಂದರಲ್ಲಿ ಮಿಲಿಂದ ರಾಜನಿಗೆ ನಾಗಸೇನ ಭಿಕ್ಷು ಅದನ್ನು ವಿವರಿಸುವಾಗ ರಾಜನ ಭಂಡಾರಿಯ ಹೋಲಿಕೆ ಕೊಡುತ್ತಾನೆ: ಇಷ್ಟು ಆನೆ, ಇಷ್ಟು ಕುದುರೆ, ಇಷ್ಟು ಹೊನ್ನು ನಿನ್ನಲ್ಲಿದೆ ಎಂದು ಬೆಳಗೂ ಸಂಜೆಯೂ ಒಡೆಯನಿಗೆ ನೆನಪಿಸುವವನು ಭಂಡಾರಿ. ಎಚ್ಚರವೆಂದರೆ ನೆನಪನ್ನು ಬದಿಗಿಡುವುದು ಎಂದು ತಿಳಿದವರಿಗೆ ಈ ಹೋಲಿಕೆ ಅಚ್ಚರಿ ತಂದೀತು. ಸೃಷ್ಟಿಯ ಮಾತು ಬಂದಾಗ ಭಂಡಾರಿಯನ್ನು ಕೆಲಸದಿಂದ ಬಿಡಿಸಿ ಬರಿಯ ಈ ಕ್ಷಣವನ್ನು ಉಳಿಸಿಕೊಂಡರೆ ರೂಢಿಯ ಮಾತನ್ನು ಬಿಡುವುದಷ್ಟೇ ಆದೀತು, ಬಿಟ್ಟ ಜಾಗಕ್ಕೆ ಏನೂ ಬಾರದು. ಬಂದರೂ ನಿಲ್ಲದು.

ಅಷ್ಟಾವಧಾನದ ಕಡೆಯ ಭಾಗಕ್ಕೆ ಧಾರಣೆ ಎಂದು ಹೆಸರು. ಮೂರು ನಾಲ್ಕು ಗಂಟೆ ಕಳೆದಿರುತ್ತದೆ. ನಿಷೇಧಾಕ್ಷರಿಯ ಪದ್ಯ ಸಭೆಯ ಕಿವಿಗೆ ಬಿದ್ದಿರುವುದು ಚೂರುಚೂರಾಗಿ. ಒಂದು ಅಕ್ಷರ, ಒಂದು ನಿಷೇಧ, ಮತ್ತೊಂದು ಅಕ್ಷರ, ನಡುವೆ ಅಂಕಿಯ ಪ್ರಶ್ನೆ, ಅಪ್ರಸ್ತುತದ ನಗು, ಇನ್ನಾವುದೋ ಪದ್ಯದ ಸಾಲು. ಕೂತವರಲ್ಲಿ ಯಾರಿಗೂ ಅದು ಪದ್ಯವಾಗಿ ಕೇಳಿಸಿಲ್ಲ. ಪ್ರಶ್ನೆಗಳೆಲ್ಲ ಮುಗಿದ ಮೇಲೆ ಅವಧಾನಿ ಹೀಗೆ ಸುತ್ತು ಸುತ್ತಾಗಿ ಕಟ್ಟಿದ ಪದ್ಯಗಳನ್ನು ಮೊದಲಿನಿಂದ, ನಾಲ್ಕು ನಾಲ್ಕು ಸಾಲು ಪೂರ್ತಿಯಾಗಿ ಹೇಳುತ್ತಾರೆ. ತಾವು ತಡೆದ ಕಡೆಯಲ್ಲೆಲ್ಲ ಬೇರೆ ಅಕ್ಷರ ಹಿಡಿದು ಕಟ್ಟಿ ನಿಂತ ಆ ನಿಷೇಧಾಕ್ಷರಿಯ ಪದ್ಯವನ್ನು ಪೃಚ್ಛಕರು ಆಗ ಮೊದಲ ಸಲ ಕೇಳುತ್ತಾರೆ.